ಅಂಗೈಯಗಲದ ಮೀನು, ಗರಿಯ ಗಾಳ

ಅಮೆರಿಕದ ಮಿಷಿಗನ್ ರಾಜ್ಯದ ದಕ್ಷಿಣ ಭಾಗದಲ್ಲಿ, ಮುಸುಕಿನ ಜೋಳದ ಹೊಲಗಳ ನಡುವೆಯೂ ಓಕ್ ಮರಗಳ ತೋಪುಗಳ ಅಂಚಿನಲ್ಲಿಯೂ ಕಾಣಸಿಗುವ ಸಣ್ಣ ಸರೋವರಗಳು ಹಿಮಯುಗದ ಕೊನೆಯಲ್ಲಿ ಹುಟ್ಟಿದವು. 10,000 ವರ್ಷಗಳಿಗೂ ಹಿಂದೆ, ಆ ನೆಲವನ್ನೆಲ್ಲ ಮುಚ್ಚಿದ್ದ ಹಿಮದ ಹಾಸು ಉತ್ತರಕ್ಕೆ ಸರಿಯುತ್ತಿದ್ದಾಗ, ಅದರಿಂದ ಕಳಚಿಕೊಂಡ ಭಾರಿ ಮಂಜುಗಡ್ಡೆಗಳು ಮರಳು ಮತ್ತು ಜಲ್ಲಿಯ ರಾಶಿಯಲ್ಲಿ ಹೂತುಹೋಗಿ, ನಿಧಾನವಾಗಿ ಕರಗಿ, ತಾವಿದ್ದಲ್ಲಿ ಆಳವಾದ ಗುಣಿಗಳನ್ನು ಬಿಟ್ಟುಹೋದವು. ಆ ಗುಣಿಗಳಲ್ಲಿ ನೀರು ತುಂಬಿ ಆದ ಇಂಥವನ್ನು ಭೂವಿಜ್ಞಾನಿಗಳು ಕೆಟಲ್ ಸರೋವರಗಳು ಎಂದು ಕರೆಯುತ್ತಾರೆ. ಇವುಗಳಲ್ಲಿ ಅನೇಕವಕ್ಕೆ ಹೇಳಿಕೊಳ್ಳುವಂಥ ಒಳಹರಿವಾಗಲಿ ಹೊರಹರಿವಾಗಲಿ ಇಲ್ಲ. ಅಂತರ್ಜಲವೇ ಅವುಗಳ ಆಸರೆ. ದಡದ ಬಳಿ ಜೊಂಡು, ಅದರಾಚೆ ನೈದಿಲೆಯ ಎಲೆಗಳ ಹಾಸು, ಅದಕ್ಕೂ ಆಚೆ ನೀರಿನೊಳಗೇ ಬೆಳೆದ ಕಳೆಗಿಡಗಳ ಪಟ್ಟಿ, ಅದು ಮುಗಿಯುವಲ್ಲಿ ಥಟ್ಟನೆ ಇಳಿಯುವ ಆಳ: ಇಂಥ ಸರೋವರವೊಂದರ ವಿನ್ಯಾಸ ಹೆಚ್ಚುಕಡಿಮೆ ಇಷ್ಟೇ. ಆದರೆ ಈ ನಾಲ್ಕು ವಲಯಗಳಲ್ಲಿ ಮೀನುಗಳು ದಿನದ ಯಾವ ಹೊತ್ತಿಗೆ, ಯಾವ ಕಾರಣಕ್ಕಾಗಿ, ಎಲ್ಲಿರುತ್ತವೆ ಎಂಬುದನ್ನು ಅರಿಯುವುದೇ ಇಲ್ಲಿ ಗಾಳ ಹಾಕುವವರ ನಿಜವಾದ ವಿದ್ಯೆ.

ಈ ಸರೋವರಗಳ ಮುಖ್ಯ ನಿವಾಸಿ ಬ್ಲೂಗಿಲ್ ಎಂಬ ಮೀನು. ಉತ್ತರ ಅಮೆರಿಕವನ್ನು ಬಿಟ್ಟು ಬೇರೆಲ್ಲೂ ಸಹಜವಾಗಿ ಇಲ್ಲದ ಸನ್‌ಫಿಶ್ ಕುಟುಂಬಕ್ಕೆ ಇದು ಸೇರಿದ್ದು, ಇದರ ವೈಜ್ಞಾನಿಕ ಹೆಸರು ಲೆಪೊಮಿಸ್ ಮ್ಯಾಕ್ರೊಕೈರಸ್. 1819ರಲ್ಲಿ ಇದನ್ನು ಮೊದಲು ವಿವರಿಸಿದವನು ಕಾನ್‌ಸ್ಟಂಟೀನ್ ರಫಿನೆಸ್ಕ್ ಎಂಬ ನಿಸರ್ಗವಿಜ್ಞಾನಿ. ಪಕ್ಕದಿಂದ ನೋಡಿದರೆ ಅಗಲವಾಗಿಯೂ ಮೇಲಿನಿಂದ ನೋಡಿದರೆ ತೆಳ್ಳಗೂ ಇರುವ ಇದರ ಕಿವಿರಿನ ಮುಚ್ಚಳದ ತುದಿಯಲ್ಲಿ ಕಪ್ಪು ಮಚ್ಚೆ, ಕೆನ್ನೆ ಮತ್ತು ಗಲ್ಲದ ಅಂಚಿನಲ್ಲಿ ನೀಲಿ ಛಾಯೆ ಇರುತ್ತವೆ. ಸಂತಾನಕಾಲದಲ್ಲಿ ಗಂಡಿನ ಎದೆ ತಾಮ್ರ ಬೆರೆತ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕಣ್ಣು ದೊಡ್ಡದು, ಬಾಯಿ ತೀರ ಸಣ್ಣದು. ಸಾಮಾನ್ಯವಾಗಿ ಸಿಗುವ ಮೀನು ಆರರಿಂದ ಎಂಟು ಇಂಚು ಉದ್ದವಿದ್ದು, ತೂಕದಲ್ಲಿ 200 ಗ್ರಾಂ ಮುಟ್ಟುವುದೇ ಅಪರೂಪ. 1950ರಲ್ಲಿ ಅಲಬಾಮಾ ರಾಜ್ಯದ ಕೆಟೋನಾ ಸರೋವರದಲ್ಲಿ ಸಿಕ್ಕ ಎರಡು ಕಿಲೋಗೂ ಮೀರಿದ ಬ್ಲೂಗಿಲ್ ಇವತ್ತಿಗೂ ವಿಶ್ವದಾಖಲೆಯಾಗಿ ಉಳಿದಿದೆ ಎಂಬುದರಿಂದಲೇ ಈ ಜಾತಿಯ ಗಾತ್ರದ ಮಿತಿ ತಿಳಿಯುತ್ತದೆ. ಬ್ಲೂಗಿಲ್, ಅದರ ಸೋದರ ಜಾತಿಯಾದ ಪಂಪ್ಕಿನ್‌ಸೀಡ್, ಕ್ರಾಪಿ, ಹಳದಿ ಪರ್ಚ್ ಮುಂತಾಗಿ ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವ ಗಾತ್ರದ ಮೀನುಗಳನ್ನೆಲ್ಲ ಒಟ್ಟಾಗಿ ಅಲ್ಲಿನ ಜನ ಪ್ಯಾನ್‌ಫಿಶ್ ಎನ್ನುತ್ತಾರೆ.

ಗಾಳದ ಸಾಹಿತ್ಯದಲ್ಲಿ ಈ ಮೀನುಗಳಿಗೆ ಸಲ್ಲಬೇಕಾದ ಗೌರವ ಸಂದಿಲ್ಲ. ಕೃತಕ ಕೀಟವನ್ನು ಬಳಸಿ ಮೀನು ಹಿಡಿಯುವ ಕಲೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ಹರಿಯುವ ನೀರಿನಲ್ಲಿ, ಟ್ರೌಟ್ ಹಾಗೂ ಸಾಲ್ಮನ್ ಮೀನುಗಳ ಸುತ್ತ ಬೆಳೆಯಿತು. 1653ರಲ್ಲಿ ಪ್ರಕಟವಾದ ಐಸಾಕ್ ವಾಲ್ಟನ್‌ನ ಪ್ರಸಿದ್ಧ ಗ್ರಂಥಕ್ಕೆ 1676ರಲ್ಲಿ ಚಾರ್ಲ್ಸ್ ಕಾಟನ್ ಸೇರಿಸಿದ ಭಾಗ ಈ ಕಲೆಯನ್ನೇ ಕುರಿತದ್ದು. ವಲಸೆಗಾರರ ಜೊತೆಯಲ್ಲಿ ಈ ಕಲೆ ಅಟ್ಲಾಂಟಿಕ್ ದಾಟಿದಾಗ ಮೀನುಗಳ ಮೇಲುಕೀಳಿನ ಎಣಿಕೆಯೂ ಅದರೊಂದಿಗೇ ದಾಟಿತು. ಹಾಗಾಗಿ ಬ್ಲೂಗಿಲ್ ಎಂದರೆ ಎರೆಹುಳು ಮತ್ತು ಬೆಂಡು ಕಟ್ಟಿದ ದಾರದಿಂದ ಮಕ್ಕಳು ಹಿಡಿಯುವ ಮೀನು, ದೊಡ್ಡವರು ಅದನ್ನು ದಾಟಿ ಮುಂದೆ ಹೋಗಬೇಕು ಎಂಬ ಭಾವನೆ ಬೇರೂರಿತು. ಈ ಭಾವನೆಗೆ ಆಧಾರವಿಲ್ಲ. ಅದರಿಂದ ಹಾನಿಯೂ ಆಗಿದೆ. ಆಧಾರವಿಲ್ಲ ಎನ್ನುವುದಕ್ಕೆ ಈ ಮೀನಿನ ಬದುಕು ಯಾವ ಟ್ರೌಟಿನ ಬದುಕಿಗಿಂತಲೂ ಕಡಿಮೆ ಜಟಿಲವಲ್ಲ ಎಂಬುದೇ ಸಾಕ್ಷಿ. ಹಾನಿ ಎಂಥದೆಂಬುದು ಈ ಲೇಖನದಲ್ಲಿ ಮುಂದೆ ಸ್ಪಷ್ಟವಾಗುತ್ತದೆ.

ಫ್ಲೈ ಫಿಶಿಂಗ್ ಎಂಬ ಈ ವಿಧಾನವು ಸಾಮಾನ್ಯ ಗಾಳಕ್ಕಿಂತ ಮೂಲದಲ್ಲೇ ಬೇರೆಯಾದದ್ದು. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ಅಥವಾ ಎರೆಯ ತೂಕವೇ ದಾರವನ್ನು ದೂರಕ್ಕೆ ಒಯ್ಯುತ್ತದೆ. ಗರಿ, ಉಣ್ಣೆ, ರೋಮಗಳಿಂದ ಕಟ್ಟಿದ ಕೃತಕ ಕೀಟ, ಅಂದರೆ ಫ್ಲೈ, ಒಂದು ಗ್ರಾಂ ಕೂಡ ತೂಗುವುದಿಲ್ಲವಾದ್ದರಿಂದ ಅದನ್ನು ಎಸೆಯಲು ಬರುವುದಿಲ್ಲ. ಆದ್ದರಿಂದ ಇಲ್ಲಿ ತೂಕವನ್ನು ದಾರಕ್ಕೇ ಕೊಡಲಾಗಿದೆ: ಪ್ಲಾಸ್ಟಿಕ್ ಲೇಪವಿರುವ, ನೋಡಲು ದಪ್ಪವಾದ, ನೀರಿನ ಮೇಲೆ ತೇಲುವ ದಾರವನ್ನು ಗಾಳದ ಕೋಲಿನಿಂದ ಹಿಂದಕ್ಕೂ ಮುಂದಕ್ಕೂ ಬೀಸಿದಾಗ ಅದು ಗಾಳಿಯಲ್ಲಿ ಚಾವಟಿಯಂತೆ ಸುರುಳಿ ಬಿಚ್ಚಿಕೊಂಡು, ತನ್ನ ತುದಿಯಲ್ಲಿರುವ ಕೀಟವನ್ನು ಕೊನೆಯ ಗಳಿಗೆಯಲ್ಲಿ ನೀರಿಗೆ ಇಳಿಸುತ್ತದೆ. ದಾರದ ತೂಕಕ್ಕೆ ಅಂಕಿಗಳ ಮಾನದಂಡವಿದ್ದು, ಮೊದಲ 30 ಅಡಿಯ ತೂಕವನ್ನು ಅಳೆದು ಆ ಅಂಕಿಯನ್ನು ನಿರ್ಧರಿಸುತ್ತಾರೆ. ಬ್ಲೂಗಿಲ್‌ಗೆ ಒಗ್ಗುವ ಮೂರನೆಯ ಅಂಕಿಯ ದಾರದ ಅಷ್ಟುದ್ದ ಸುಮಾರು 6.5 ಗ್ರಾಂ ತೂಗುತ್ತದೆ. ದಾರಕ್ಕೂ ಕೀಟಕ್ಕೂ ನಡುವೆ ಏಳರಿಂದ ಒಂಬತ್ತು ಅಡಿ ಉದ್ದದ, ತುದಿಗೆ ಹೋದಂತೆ ತೆಳುವಾಗುವ ಪಾರದರ್ಶಕ ನೈಲಾನ್ ಎಳೆಯನ್ನು ಕಟ್ಟಲಾಗುತ್ತದೆ. ಲೀಡರ್ ಎಂದು ಕರೆಯುವ ಇದರ ತುದಿ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತಲೂ ತೆಳ್ಳಗಿರುತ್ತದೆ. ಕಲಿಯುವವರು ಎಡವುವುದು ಹಿಂದಕ್ಕೆ ಬೀಸಿದ ನಂತರದ ನಿಲುಗಡೆಯಲ್ಲಿ. ದಾರವು ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳುವವರೆಗೆ ಕಾಯದೆ ಕೋಲನ್ನು ಮುಂದಕ್ಕೆ ತಂದರೆ ಅದರ ಬಲವೆಲ್ಲ ಸೋರಿಹೋಗಿ ದಾರ ಮುದ್ದೆಯಾಗಿ ಕಾಲ ಬಳಿಯೇ ಬೀಳುತ್ತದೆ. ಕಾದರೆ ದಾರದ ಎಳೆತಕ್ಕೆ ಕೋಲು ಬಾಗಿ, ಆ ಬಾಗಿನ ಬಲವೇ ದಾರವನ್ನು ಮುಂದಕ್ಕೆ ಕಳುಹಿಸುತ್ತದೆ. ತೋಳಿನ ಶಕ್ತಿಗೆ ಇಲ್ಲಿ ಹೆಚ್ಚಿನ ಕೆಲಸವಿಲ್ಲ.

ಈ ಕಲೆಯ ಇತಿಹಾಸದಲ್ಲಿ ಭಾರತಕ್ಕೂ ಒಂದು ಪಾಲಿದೆ, ಅದು ಸಾಮಗ್ರಿಯ ರೂಪದ್ದು. ಕ್ರಿಸ್ತಶಕ 200ರ ಸುಮಾರಿನಲ್ಲಿ ಈಲಿಯನ್ ಎಂಬ ರೋಮನ್ ಲೇಖಕ, ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ ಅದರ ಮೇಲೆ ಹುಂಜದ ಗರಿಗಳನ್ನು ಕೂರಿಸಿ ಮೀನು ಹಿಡಿಯುತ್ತಿದ್ದುದನ್ನು ದಾಖಲಿಸಿದ್ದಾನೆ. ಅಂದಿನಿಂದಲೂ ಗರಿಯೇ ಈ ಕಸುಬಿನ ಜೀವಾಳ. ನವಿಲುಗರಿಯ ಕಣ್ಣಿನ ಸುತ್ತಲ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಕೊಕ್ಕೆಯ ಕಾಲಿಗೆ ಸುತ್ತಿದರೆ, ಅವುಗಳ ಸಣ್ಣ ರೋಮಗಳು ನೀರಿನಲ್ಲಿ ಕಂಚು ಮತ್ತು ಹಸಿರಿನ ನಡುವೆ ಮಿನುಗುತ್ತ, ಜಲಕೀಟದ ಉಬ್ಬಿದ ದೇಹದಂತೆ ತೋರುತ್ತವೆ. ಈ ಗುಣಕ್ಕೆ ಸಾಟಿಯಾದ ಕೃತಕ ವಸ್ತುವನ್ನು ಯಾರೂ ಇನ್ನೂ ತಯಾರಿಸಿಲ್ಲ ಎಂಬುದು ಕಟ್ಟುವವರ ಸಾಮಾನ್ಯ ಅಭಿಪ್ರಾಯ. ಪಶ್ಚಿಮ ಘಟ್ಟಗಳ ಬೂದು ಕಾಡುಕೋಳಿಯ ಕತ್ತಿನ ಗರಿಗಳಲ್ಲಿ ಮೇಣ ಹಚ್ಚಿದಂತೆ ಹೊಳೆಯುವ ಚುಕ್ಕೆಗಳಿದ್ದು, ಸಾಲ್ಮನ್ ಮೀನಿನ ಫ್ಲೈಗಳಲ್ಲಿ ಕಣ್ಣಿನ ಹಾಗೆ ಕೂರಿಸಲು ಬ್ರಿಟನ್ನಿನಲ್ಲಿ ಅವಕ್ಕೆ ಭಾರಿ ಬೇಡಿಕೆಯಿತ್ತು. ಕೊಡಗು ಮತ್ತು ಮಲೆನಾಡಿನ ಕಾಡುಗಳಲ್ಲಿ ಇಂದಿಗೂ ಕೂಗುವ ಆ ಹಕ್ಕಿ ಇದರಿಂದಾಗಿ ಬಹಳ ಬೆಲೆ ತೆತ್ತಿತು. ಭಾರತ ಅದರ ಗರಿಗಳ ರಫ್ತನ್ನು ನಿಷೇಧಿಸಿದ ಮೇಲೆ, ಬ್ರಿಟನ್ನಿನಲ್ಲಿ ಸಾಕಿ ಬೆಳೆಸಿದ ಹಕ್ಕಿಗಳಿಂದ ಈ ಬೇಡಿಕೆಯನ್ನು ಪೂರೈಸಲಾಗುತ್ತಿದೆ. ಅಮೆರಿಕದ ಕಸುಬುದಾರರು 19ನೇ ಶತಮಾನದಲ್ಲಿ ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿಸಿ ಗಾಳದ ಕೋಲು ಮಾಡಲು ತೊಡಗಿದಾಗ ಮೊದಲು ಬಳಸಿದ್ದು ಕಲ್ಕತ್ತಾ ಬಿದಿರು ಎಂದೇ ಹೆಸರಾಗಿದ್ದ ಭಾರತದ ಬಿದಿರನ್ನು. ಚೀನಾದ ಟೊಂಕಿನ್ ಬಿದಿರು ಬಂದು ಅದರ ಜಾಗವನ್ನು ಹಿಡಿದದ್ದು ಆಮೇಲೆ. ಈಗ ಹೆಚ್ಚಿನ ಕೋಲುಗಳು ಗ್ರಾಫೈಟ್‌ನವು.

ಜೂನ್ ತಿಂಗಳ ಒಂದು ದಿನ ಇಂಥ ಸರೋವರದಲ್ಲಿ ಹೇಗೆ ಸಾಗುತ್ತದೆ ಎಂಬುದನ್ನು ಈಗ ನೋಡಬಹುದು. ದಕ್ಷಿಣ ಮಿಷಿಗನ್ನಿನಲ್ಲಿ ಆಗ ಸೂರ್ಯ ಆರು ಗಂಟೆಗೆ ಹುಟ್ಟಿ ರಾತ್ರಿ ಒಂಬತ್ತು ದಾಟಿದ ಮೇಲೆ ಮುಳುಗುವುದರಿಂದ ದಿನ ಬಹಳ ಉದ್ದ. 17 ವರ್ಷ ತುಂಬಿದ ಯಾರೇ ಆದರೂ ಗಾಳ ಹಾಕಲು ರಾಜ್ಯದಿಂದ ಪರವಾನಗಿ ಪಡೆದಿರಬೇಕು. ಮೋಟಾರಿಲ್ಲದ ಚಿಕ್ಕ ದೋಣಿಯಲ್ಲಿ ಅಥವಾ ಕನೂ ಎಂಬ ಉದ್ದನೆಯ ಹಗುರ ದೋಣಿಯಲ್ಲಿ ಸದ್ದಿಲ್ಲದೆ ಸಾಗುವುದು ವಾಡಿಕೆ. ಬೆಳಗಿನ ಮೊದಲ ಗಂಟೆಗಳಲ್ಲಿ ಗಾಳಿ ಇಲ್ಲದೆ ನೀರು ನಿಶ್ಚಲವಾಗಿರುತ್ತದೆ; ರಾತ್ರಿಯ ತಂಪಿನ ಧೈರ್ಯದಲ್ಲಿ ದಡದ ಬಳಿ ಬಂದ ಮೀನುಗಳು ನೈದಿಲೆ ಎಲೆಗಳ ಸಂದಿಯಲ್ಲಿ, ನೀರಿಗೆ ಬಿದ್ದ ಮರದ ಕೊಂಬೆಗಳ ನೆರಳಿನಲ್ಲಿ ಮೇಲೆ ಬೀಳುವ ಹುಳಗಳಿಗಾಗಿ ಕಾದಿರುತ್ತವೆ. ಈ ಹೊತ್ತಿಗೆ ತಕ್ಕ ಸಾಧನ ಪಾಪರ್. ಬೆಂಡಿನ ಸಣ್ಣ ತುಂಡಿಗೆ ಬಣ್ಣ ಬಳಿದು, ಹಿಂದೆ ಗರಿಯ ಬಾಲವನ್ನೂ ಇಬ್ಬದಿಗೆ ರಬ್ಬರಿನ ಕಾಲುಗಳನ್ನೂ ಕೂರಿಸಿ ಮಾಡಿದ ಇದು ನೀರಿನ ಮೇಲೆ ತೇಲುತ್ತದೆ, ದಾರವನ್ನು ಜಗ್ಗಿದಾಗ ತನ್ನ ಚಪ್ಪಟೆ ಮುಖದಿಂದ ನೀರನ್ನು ತಳ್ಳಿ ಸಣ್ಣ ಸದ್ದು ಮಾಡುತ್ತದೆ. 20ನೇ ಶತಮಾನದ ಆರಂಭದಲ್ಲಿ ಟೆನೆಸೀ ರಾಜ್ಯದ ಚಟನೂಗಾ ನಗರದ ಅರ್ನೆಸ್ಟ್ ಪೆಕಿನ್‌ಪಾ ಎಂಬಾತ ಬೆಂಡಿನ ಪಾಪರ್‌ಗಳನ್ನು ರೂಪಿಸಿ ಜನಪ್ರಿಯಗೊಳಿಸಿದನು. ಇದು ಇಂಗ್ಲೆಂಡಿನ ಟ್ರೌಟ್ ಪರಂಪರೆಯಿಂದ ಬಂದದ್ದಲ್ಲ, ಅಮೆರಿಕದ ನಿಂತ ನೀರಿನಲ್ಲೇ ಹುಟ್ಟಿದ್ದು.

ಬ್ಲೂಗಿಲ್ ಈ ಪಾಪರನ್ನು ತೆಗೆದುಕೊಳ್ಳುವ ಬಗೆ ಗಮನಿಸಬೇಕಾದದ್ದು. ಪಾಪರ್ ಎಲೆಯಂಚಿನಲ್ಲಿ ಬಿದ್ದಾಗ ಎದ್ದ ಉಂಗುರದ ಅಲೆಗಳು ಹರಡಿ ಅಡಗುವವರೆಗೆ ಅದನ್ನು ಅಲುಗಿಸದೆ ಬಿಡುವುದು ಅನುಭವಿಗಳ ರೀತಿ. ಅಷ್ಟರಲ್ಲಿ ಕಳೆಗಿಡಗಳ ಒಳಗಿನಿಂದ ಒಂದು ಕಪ್ಪು ಆಕಾರ ಮೇಲೆದ್ದು ಬಂದು, ಪಾಪರಿನ ಕೆಳಗೆ ಎರಡು ಮೂರು ಇಂಚು ದೂರದಲ್ಲಿ ನಿಂತುಬಿಡುತ್ತದೆ. ಪಕ್ಕದ ರೆಕ್ಕೆಗಳನ್ನು ಬೀಸುತ್ತ, ಹಿಂದಕ್ಕೂ ಮುಂದಕ್ಕೂ ಸರಿಯದೆ, ಮೂತಿಯನ್ನು ಮೇಲೆ ಮಾಡಿಕೊಂಡು ಅದು ಆ ವಸ್ತುವನ್ನು ಪರೀಕ್ಷಿಸುತ್ತದೆ. ರಬ್ಬರಿನ ಕಾಲೊಂದು ನಡುಗಿದರೆ ಸಾಕು, ಬಾಯನ್ನು ಕೊಳವೆಯಂತೆ ಮುಂದಕ್ಕೆ ಚಾಚಿ ನೀರಿನೊಡನೆ ಪಾಪರನ್ನು ಒಳಗೆ ಎಳೆದುಕೊಳ್ಳುತ್ತದೆ. ಕಚ್ಚುವುದಲ್ಲ, ಹೀರುವುದೇ ಇದರ ಕ್ರಮವಾದ್ದರಿಂದ ಚುಂಬಿಸಿದಂಥ ಒಂದು ಪುಟ್ಟ ಸದ್ದು ಕೇಳಿಸುತ್ತದೆ. ಕೊಕ್ಕೆ ನೆಟ್ಟ ಕೂಡಲೇ ಮೀನು ತನ್ನ ಅಗಲವಾದ ಪಕ್ಕವನ್ನು ಎಳೆತಕ್ಕೆ ಅಡ್ಡವಾಗಿ ತಿರುಗಿಸಿ ವೃತ್ತಾಕಾರವಾಗಿ ಸುತ್ತತೊಡಗುತ್ತದೆ. 150 ಗ್ರಾಂ ತೂಕದ ಮೀನು ಹಗುರವಾದ ಕೋಲನ್ನು ಹಿಡಿಯವರೆಗೂ ಬಾಗಿಸುವುದು ಈ ಉಪಾಯದಿಂದಲೇ. ಅದನ್ನು ಮುಟ್ಟುವ ಮುಂಚೆ ಕೈಯನ್ನು ಒದ್ದೆ ಮಾಡಿಕೊಳ್ಳಬೇಕು, ಏಕೆಂದರೆ ಒಣಗಿದ ಕೈ ತಾಗಿದರೆ ಮೈಮೇಲಿನ ಲೋಳೆಯ ರಕ್ಷಾಪದರ ಕಿತ್ತುಬಂದು ರೋಗಕ್ಕೆ ದಾರಿಯಾಗುತ್ತದೆ. ಬೆನ್ನಿನ ರೆಕ್ಕೆಯ ಗಟ್ಟಿ ಮುಳ್ಳುಗಳು ಚುಚ್ಚದಂತೆ ತಲೆಯ ಕಡೆಯಿಂದ ಬಾಲದ ಕಡೆಗೆ ಕೈ ಸವರಿ ಅವನ್ನು ಮಲಗಿಸಿ ಹಿಡಿಯಬೇಕು. ಬಾಯಿ ಸಣ್ಣದಾದ್ದರಿಂದ ಕೊಕ್ಕೆ ಬಿಡಿಸಲು ಶಸ್ತ್ರಚಿಕಿತ್ಸೆಯಲ್ಲಿ ಬಳಸುವಂಥ ಮೊನಚು ಇಕ್ಕಳವೊಂದು ಜೊತೆಯಲ್ಲಿರುವುದು ಅಗತ್ಯ, ಕೊಕ್ಕೆಯ ಹಿಮ್ಮುಳ್ಳನ್ನು ಮೊದಲೇ ಒತ್ತಿ ಚಪ್ಪಟೆ ಮಾಡಿಕೊಂಡಿದ್ದರೆ ಇನ್ನೂ ಒಳ್ಳೆಯದು.

ಬಿಸಿಲೇರಿದಂತೆ ಆಳವಿಲ್ಲದ ಮರಳು ತಳದಲ್ಲಿ ಇನ್ನೊಂದು ನೋಟ ತೆರೆದುಕೊಳ್ಳುತ್ತದೆ. ನೀರಿನ ತಾಪ 20 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬ್ಲೂಗಿಲ್ ಗಂಡುಗಳು ಮೊಳದಿಂದ ಆಳುದ್ದದವರೆಗಿನ ನೀರಿನಲ್ಲಿ ಗೂಡು ಮಾಡುತ್ತವೆ. ಗಂಡು ತಳದ ಮೇಲೆ ನೆಟ್ಟಗೆ ನಿಂತಂತಾಗಿ ಬಾಲವನ್ನು ಜೋರಾಗಿ ಬಡಿದು ಕೆಸರನ್ನೂ ಕಸವನ್ನೂ ಚದುರಿಸಿದಾಗ, ಸುಮಾರು ಒಂದಡಿ ಅಗಲದ, ತಳದ ಜಲ್ಲಿ ಬೆಳ್ಳಗೆ ಕಾಣುವ ತಟ್ಟೆಯಾಕಾರದ ತಗ್ಗು ಸಿದ್ಧವಾಗುತ್ತದೆ. ಇಂಥ ಹತ್ತಾರು ಗೂಡುಗಳು ಅಂಚಿಗೆ ಅಂಚು ತಾಗಿಕೊಂಡು ಒಂದೇ ಕಡೆ ಇರುವುದರಿಂದ ದೋಣಿಯಿಂದ ನೋಡುವವರಿಗೆ ತಳವೆಲ್ಲ ಬಿಳಿ ವೃತ್ತಗಳಿಂದ ತುಂಬಿದಂತೆ ತೋರುತ್ತದೆ. ಕರ್ನಾಟಕದ ಕೆರೆಗಳಲ್ಲಿ ಜಿಲೇಬಿ ಎಂದು ಮಾರಾಟವಾಗುವ ತಿಲಾಪಿಯಾ ಕೂಡ ಹೀಗೆಯೇ ತಳದಲ್ಲಿ ಗುಂಡನೆಯ ತಗ್ಗು ತೋಡುತ್ತದೆ. ಆದರೆ ಅಲ್ಲಿ ಮೊಟ್ಟೆಗಳನ್ನು ಹೆಣ್ಣು ತನ್ನ ಬಾಯಲ್ಲಿಟ್ಟು ಕಾಯುತ್ತದೆ, ಇಲ್ಲಿ ಕಾವಲಿನ ಪೂರ್ಣ ಹೊಣೆ ಗಂಡಿನದು. ಹೆಣ್ಣುಗಳು ಬಂದು ಸಾವಿರಗಟ್ಟಲೆ ಮೊಟ್ಟೆಗಳನ್ನಿಟ್ಟು ಹೊರಟುಹೋದ ನಂತರ ಗಂಡು ಒಂದು ವಾರಕ್ಕೂ ಹೆಚ್ಚು ಕಾಲ ಗೂಡಿನ ಮೇಲೆಯೇ ಇದ್ದು, ರೆಕ್ಕೆಗಳಿಂದ ಬೀಸಿ ಮೊಟ್ಟೆಗಳಿಗೆ ಆಮ್ಲಜನಕವಿರುವ ಹೊಸ ನೀರನ್ನು ಒದಗಿಸುತ್ತ, ಮೊಟ್ಟೆಕಳ್ಳರನ್ನು ಓಡಿಸುತ್ತ, ತಾನು ಸರಿಯಾಗಿ ತಿನ್ನದೆ ಸೊರಗುತ್ತದೆ.

ಈ ಗೂಡುಗಳ ಸುತ್ತ ನಡೆಯುವ ವ್ಯವಹಾರವನ್ನು ಕೆನಡಾದ ಒಂಟೇರಿಯೊ ಪ್ರಾಂತದ ಒಪಿನಿಕನ್ ಸರೋವರದಲ್ಲಿ ಮಾರ್ಟ್ ಗ್ರಾಸ್ ಎಂಬ ಜೀವವಿಜ್ಞಾನಿ ಮತ್ತು ಅವರ ನಂತರದವರು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಅಲ್ಲಿನ ಗಂಡುಗಳಲ್ಲಿ ಹೆಚ್ಚಿನವು ಏಳನೆಯ ವಯಸ್ಸಿನವರೆಗೆ ಸಂತಾನಕ್ಕೆ ತೊಡಗದೆ ಬೆಳೆಯುತ್ತಲೇ ಇದ್ದು, ದೊಡ್ಡದಾದ ಮೇಲೆ ಗೂಡು ಕಟ್ಟುತ್ತವೆ. ಆದರೆ ಒಂದು ಪಾಲು ಗಂಡುಗಳು ಎರಡನೆಯ ವಯಸ್ಸಿಗೇ ಪ್ರಬುದ್ಧವಾಗಿ, ಗೂಡು ಕಟ್ಟುವ ಗೊಡವೆಗೇ ಹೋಗದೆ, ಕಳೆಗಿಡಗಳಲ್ಲಿ ಅಡಗಿ ಕುಳಿತು, ಜೋಡಿಯೊಂದು ಮೊಟ್ಟೆಯಿಡುವ ಗಳಿಗೆಯಲ್ಲಿ ನುಗ್ಗಿ ತಮ್ಮ ವೀರ್ಯವನ್ನು ಬಿಟ್ಟು ಪರಾರಿಯಾಗುತ್ತವೆ. ಇವೇ ಮೀನುಗಳು ಇನ್ನಷ್ಟು ಬೆಳೆದು ನುಗ್ಗಿ ಓಡಲು ಸಾಧ್ಯವಾಗದ ಗಾತ್ರಕ್ಕೆ ಬಂದಾಗ ಹೆಣ್ಣಿನ ಬಣ್ಣವನ್ನೂ ನಡವಳಿಕೆಯನ್ನೂ ತಾಳಿ, ಗೂಡಿನ ಒಡೆಯನ ಕಣ್ಣೆದುರೇ ಜೋಡಿಯ ನಡುವೆ ಸೇರಿಕೊಳ್ಳುತ್ತವೆ. ಈ ಗಂಡುಗಳು ಗೂಡು ಕಟ್ಟುವ ಪಿತೃಗಳಾಗಿ ಎಂದೂ ಬದಲಾಗುವುದಿಲ್ಲ, ಪಿತೃಗಳಷ್ಟು ಕಾಲ ಬದುಕುವುದೂ ಇಲ್ಲ. ಮಕ್ಕಳ ಮೀನು ಎಂದು ಕಡೆಗಣಿಸಲಾದ ಈ ಜಾತಿ ಪ್ರಾಣಿವರ್ತನೆಯ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದಿರುವುದು ಇಂಥ ಜೀವನಕ್ರಮದಿಂದಾಗಿಯೇ.

ಗೂಡಿನ ಮೇಲಿರುವ ದೊಡ್ಡ ಗಂಡನ್ನು ಹಿಡಿಯುವುದಕ್ಕಿಂತ ಸುಲಭವಾದ ಕೆಲಸ ಗಾಳದ ಲೋಕದಲ್ಲಿ ಇಲ್ಲ. ಹಸಿವಿಲ್ಲದಿದ್ದರೂ ಅದು ತನ್ನ ಗೂಡಿನ ಮೇಲೆ ಬಂದ ಯಾವ ವಸ್ತುವನ್ನಾದರೂ ಅಲ್ಲಿಂದ ತೆಗೆದುಹಾಕುವ ಉದ್ದೇಶದಿಂದ ಬಾಯಿ ಹಾಕುತ್ತದೆ. ಹಾಗಾಗಿ ಜೂನ್ ತಿಂಗಳಲ್ಲಿ ಒಂದೇ ಗೂಡುಕೇರಿಯ ಎದುರು ದೋಣಿ ನಿಲ್ಲಿಸಿ, ಸರೋವರದ ಅತಿ ದೊಡ್ಡ ಗಂಡುಗಳನ್ನೆಲ್ಲ ಒಂದೇ ಮುಂಜಾನೆಯಲ್ಲಿ ಬುಟ್ಟಿಗೆ ತುಂಬಿಕೊಳ್ಳುವ ರೂಢಿ ಬಹಳ ಕಾಲ ನಡೆದುಬಂದಿತು. ಬ್ಲೂಗಿಲ್ ಲೆಕ್ಕವಿಲ್ಲದಷ್ಟು ಹುಟ್ಟುತ್ತದೆ, ಹಿಡಿದಷ್ಟೂ ಉಳಿದವು ದೊಡ್ಡದಾಗುತ್ತವೆ ಎಂಬ ನಂಬಿಕೆ ಇದಕ್ಕೆ ಬೆಂಬಲವಾಗಿತ್ತು. ಫಲಿತಾಂಶ ತದ್ವಿರುದ್ಧ. ಇಲಿನಾಯ್ ರಾಜ್ಯದ ಸಂಶೋಧಕರು 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳು ತೋರಿಸಿಕೊಟ್ಟಂತೆ, ದೊಡ್ಡ ಗಂಡುಗಳಿರುವ ನೀರಿನಲ್ಲಿ ಎಳೆಯ ಗಂಡುಗಳು ಅವುಗಳೊಡನೆ ಸ್ಪರ್ಧಿಸಲಾರದೆ ಸಂತಾನವನ್ನು ಮುಂದೂಡಿ ಬೆಳೆಯುವುದರ ಕಡೆಗೆ ಶಕ್ತಿಯನ್ನು ಹರಿಸುತ್ತವೆ. ದೊಡ್ಡವು ಇಲ್ಲವಾದಾಗ ಸಣ್ಣ ಗಾತ್ರದಲ್ಲೇ ಪ್ರಬುದ್ಧವಾಗುತ್ತವೆ. ಮೀನು ಪ್ರಬುದ್ಧವಾದ ಮೇಲೆ ಅದರ ಶಕ್ತಿ ಸಂತಾನಕ್ಕೆ ವ್ಯಯವಾಗಿ ಬೆಳವಣಿಗೆ ಕುಂಠಿತವಾಗುತ್ತದೆ. ಮಿಷಿಗನ್ನಿನ ತಂಪು ನೀರಿನಲ್ಲಿ ಎಂಟು ಇಂಚಿನ ಬ್ಲೂಗಿಲ್ ಸಾಮಾನ್ಯವಾಗಿ ಏಳೆಂಟು ವರ್ಷದ್ದಾಗಿರುತ್ತದೆ ಎಂಬುದನ್ನು ನೆನೆದರೆ, ಒಂದು ಮುಂಜಾನೆಯ ನಷ್ಟ ತುಂಬಿಬರಲು ಎಷ್ಟು ಕಾಲ ಬೇಕೆಂಬುದು ಗೊತ್ತಾಗುತ್ತದೆ. ಮೇಲೆ ಹೇಳಿದ ಹಾನಿ ಇದೇ: ಯಾವ ಮೀನನ್ನು ಗೌರವಿಸಲಿಲ್ಲವೋ ಅದನ್ನು ಕಾಯಬೇಕೆಂದು ಯಾರಿಗೂ ತೋಚಲಿಲ್ಲ. ಪಕ್ಕದ ಮಿನೆಸೋಟಾ ರಾಜ್ಯ ಈಗ ಎಚ್ಚೆತ್ತು, ದಿನಕ್ಕೆ 20 ಸನ್‌ಫಿಶ್ ಎಂಬ ತನ್ನ ಸಾಮಾನ್ಯ ಮಿತಿಯನ್ನು ಆಯ್ದ ಸರೋವರಗಳಲ್ಲಿ 10ಕ್ಕೆ, ಕೆಲವೆಡೆ 5ಕ್ಕೆ ಇಳಿಸಿದೆ. ಕಾನೂನು ಇರಲಿ ಬಿಡಲಿ, ಗೂಡು ಕಾಯುವ ಗಂಡನ್ನು ಅದರ ಪಾಡಿಗೆ ಬಿಟ್ಟು ದೋಣಿಯನ್ನು ಮುಂದೆ ಸಾಗಿಸುವುದೇ ಉಚಿತ. ಅದನ್ನು ಹಿಡಿದು ಕೂಡಲೇ ಬಿಟ್ಟರೂ ಆ ಅಷ್ಟು ಹೊತ್ತಿನಲ್ಲಿ ಕಾವಲಿಲ್ಲದ ಮೊಟ್ಟೆಗಳ ಮೇಲೆ ಅಕ್ಕಪಕ್ಕದ ಮೀನುಗಳು ಎರಗುತ್ತವೆ.

ಮಧ್ಯಾಹ್ನದ ಹೊತ್ತಿಗೆ ದಡದ ಬಳಿ ಕೊಕ್ಕೆಗೆ ಬರುವವು ಮೂರು ನಾಲ್ಕು ಇಂಚಿನ ಮರಿಗಳು ಮಾತ್ರ. ಇದರ ಕಾರಣವನ್ನು ಬಿಡಿಸಿ ತೋರಿಸಿದ ಸಂಶೋಧನೆ ಇದೇ ದಕ್ಷಿಣ ಮಿಷಿಗನ್ನಿನಲ್ಲಿ, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕೆಲಾಗ್ ಜೈವಿಕ ಕೇಂದ್ರದಲ್ಲಿ ನಡೆಯಿತು. ಅರ್ಲ್ ವರ್ನರ್ ಮತ್ತು ಡೊನಾಲ್ಡ್ ಹಾಲ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬ್ಲೂಗಿಲ್‌ಗಳ ಮುಂದೆ ಬೇರೆ ಬೇರೆ ಗಾತ್ರದ ನೀರುಚಿಗಟಗಳನ್ನು, ಅಂದರೆ ಡಾಫ್ನಿಯಾ ಎಂಬ ಸೂಕ್ಷ್ಮ ಜಲಜೀವಿಗಳನ್ನು ಬಿಡಲಾಗಿತ್ತು. ಆಹಾರ ವಿರಳವಾಗಿದ್ದಾಗ ಮೀನುಗಳು ಎದುರಾದದ್ದನ್ನೆಲ್ಲ ತಿಂದವು, ಹೇರಳವಾಗಿದ್ದಾಗ ದೊಡ್ಡವನ್ನಷ್ಟೇ ಆರಿಸಿಕೊಂಡವು. ವರ್ನರ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಕೊಳವೊಂದನ್ನು ಎರಡಾಗಿ ಭಾಗಿಸಿ, ಒಂದು ಭಾಗದಲ್ಲಿ ಮಾತ್ರ ಬ್ಲೂಗಿಲ್‌ಗಳನ್ನು ತಿನ್ನುವ ಲಾರ್ಜ್‌ಮೌತ್ ಬಾಸ್ ಮೀನುಗಳನ್ನು ಬಿಡಲಾಯಿತು. ಬಾಸ್ ಇದ್ದ ಕಡೆ ಸಣ್ಣ ಬ್ಲೂಗಿಲ್‌ಗಳು ಹೊಟ್ಟೆ ತುಂಬ ಆಹಾರವಿರುವ ಬಯಲು ನೀರನ್ನು ತೊರೆದು ಕಳೆಗಿಡಗಳ ಒಳಗೇ ಉಳಿದು ನಿಧಾನವಾಗಿ ಬೆಳೆದವು. ಬಾಸ್ ನುಂಗಲಾರದಷ್ಟು ದೊಡ್ಡದಾಗಿದ್ದ ಬ್ಲೂಗಿಲ್‌ಗಳು ಮಾತ್ರ ಬಯಲಿಗೆ ಹೋಗಿ ಮೇಯ್ದವು. ಎಂದರೆ, ಮೀನು ಎಲ್ಲಿದೆ ಎಂಬುದನ್ನು ಹಸಿವೊಂದೇ ತೀರ್ಮಾನಿಸುವುದಿಲ್ಲ, ಭಯವೂ ತೀರ್ಮಾನಿಸುತ್ತದೆ.

ಈ ತಿಳಿವಳಿಕೆ ಗಾಳ ಹಾಕುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ದೊಡ್ಡ ಮೀನು ಬೇಕೆಂದರೆ ಕಳೆಗಿಡಗಳ ಪಟ್ಟಿ ಮುಗಿದು ಆಳ ಶುರುವಾಗುವ ಹೊರ ಅಂಚಿಗೆ ದೋಣಿಯನ್ನು ಒಯ್ಯಬೇಕು. ಬೇಸಿಗೆಯಲ್ಲಿ ಇಂಥ ಸರೋವರದ ನೀರು ಪದರಗಳಾಗಿ ಬೇರ್ಪಡುತ್ತದೆ: ಮೇಲೆ ಬೆಚ್ಚನೆಯ ಪದರ, ನಡುವೆ ತಾಪ ಸರ್ರನೆ ಇಳಿಯುವ ತೆಳು ಪದರ, ಅಡಿಯಲ್ಲಿ ಆಮ್ಲಜನಕ ಕಡಿಮೆಯಾದ ತಣ್ಣನೆಯ ನೀರು. ಮೀನುಗಳು ಅಡಿಯ ಪದರಕ್ಕೆ ಇಳಿಯುವುದಿಲ್ಲವಾದ್ದರಿಂದ ಹುಡುಕಬೇಕಾದ ಆಳಕ್ಕೆ ತಾನಾಗಿಯೇ ಒಂದು ಮಿತಿ ಸಿಗುತ್ತದೆ. ಅಲ್ಲಿ ಪಾಪರ್‌ಗೆ ಕೆಲಸವಿಲ್ಲ. ಏರೋಪ್ಲೇನ್ ಚಿಟ್ಟೆಯ ಜಾತಿಯ ಕೀಟಗಳು ಹಾರುವ ಮೊದಲು ನೀರಿನೊಳಗೆ ಕಳೆಯುವ ಎಳೆಯ ಅವಸ್ಥೆಯನ್ನು ನಿಂಫ್ ಎನ್ನುತ್ತಾರೆ. ಅದನ್ನು ಹೋಲುವಂತೆ ನವಿಲುಗರಿಯ ಎಳೆ ಸುತ್ತಿ, ತಲೆಯಲ್ಲಿ ಸಣ್ಣ ಹಿತ್ತಾಳೆ ಮಣಿ ಪೋಣಿಸಿದ ಫ್ಲೈಯನ್ನು ಎಸೆದು, ಮನಸ್ಸಿನಲ್ಲೇ ಎಣಿಸುತ್ತ ಮುಳುಗಲು ಬಿಡುತ್ತಾರೆ. ಐದರವರೆಗೆ ಎಣಿಸಿ ಎಳೆದಾಗ ಏನೂ ಸಿಗದಿದ್ದರೆ ಮುಂದಿನ ಸಲ ಎಂಟು, ಆಮೇಲೆ ಹನ್ನೆರಡು; ಮೀನು ಸಿಕ್ಕ ಎಣಿಕೆಯೇ ಆ ಮಧ್ಯಾಹ್ನದ ಆಳ. ತೀರ ನಿಧಾನವಾಗಿ, ಬೆರಳುಗಳ ನಡುವೆ ದಾರವನ್ನು ಇಂಚಿಂಚಾಗಿ ಮಡಿಸಿಕೊಳ್ಳುತ್ತ ಎಳೆಯುವಾಗ ಮೀನು ಹೀರಿದ್ದು ಕೈಗೆ ಗೊತ್ತಾಗುವುದಕ್ಕಿಂತ ಮೊದಲು ಕಣ್ಣಿಗೆ ಗೊತ್ತಾಗುತ್ತದೆ: ತೇಲುವ ದಾರದ ತುದಿ ಕಾರಣವಿಲ್ಲದೆ ಒಂದಿಷ್ಟು ಮುಂದಕ್ಕೆ ಜರುಗುತ್ತದೆ.

ಬಾಸ್ ಮತ್ತು ಬ್ಲೂಗಿಲ್‌ಗಳ ಈ ಸಂಬಂಧವನ್ನು ಮನುಷ್ಯರು ಉದ್ದೇಶಪೂರ್ವಕವಾಗಿ ಬಳಸಿಕೊಂಡದ್ದೂ ಉಂಟು. ಅಲಬಾಮಾ ರಾಜ್ಯದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ಮತ್ತು ಅವರ ಸಹೋದ್ಯೋಗಿಗಳು 1930ರ ದಶಕದಿಂದ ಕೃಷಿಹೊಂಡಗಳಲ್ಲಿ ಈ ಎರಡು ಜಾತಿಗಳನ್ನು ಯಾವ ಪ್ರಮಾಣದಲ್ಲಿ ಬಿಟ್ಟರೆ ಸಮತೋಲನ ಉಳಿಯುತ್ತದೆ ಎಂಬುದನ್ನು ಅಭ್ಯಸಿಸಿದರು. ಅದರ ಫಲವಾಗಿ ಅಮೆರಿಕದ ಲೆಕ್ಕವಿಲ್ಲದಷ್ಟು ಹೊಂಡಗಳಿಗೆ ಬ್ಲೂಗಿಲ್ ಸೇರಿ, ಬಡ ರೈತರ ಊಟಕ್ಕೆ ಒದಗಿತು. ಬೇಟೆಮೀನಿಲ್ಲದ ಕಡೆ ಇದೇ ಬ್ಲೂಗಿಲ್ ಮಿತಿಮೀರಿ ಹೆಚ್ಚಿ, ಆಹಾರ ಸಾಲದೆ ಕುಬ್ಜವಾಗುತ್ತದೆ. ಪರದೇಶದಲ್ಲಿ ಅದು ಪಿಡುಗೇ ಆಗಬಲ್ಲದು. 1960ರಲ್ಲಿ ಅಮೆರಿಕಕ್ಕೆ ಹೋಗಿದ್ದ ಜಪಾನಿನ ಆಗಿನ ಯುವರಾಜ ಅಕಿಹಿತೊ ಅವರಿಗೆ ಶಿಕಾಗೊ ನಗರದ ಮೇಯರ್ ಬ್ಲೂಗಿಲ್‌ಗಳನ್ನು ಉಡುಗೊರೆಯಾಗಿ ಕೊಟ್ಟರು. ಆಹಾರದ ಮೀನಾಗಲೆಂದು ಸಂಶೋಧನೆಗೆ ಒಪ್ಪಿಸಿದ ಅವು ಹರಡಿ ಬಿವಾ ಸರೋವರದ ಸ್ಥಳೀಯ ಜಾತಿಗಳಿಗೆ ಕುತ್ತಾದವು. ಸ್ವತಃ ಮತ್ಸ್ಯವಿಜ್ಞಾನಿಯಾದ ಅಕಿಹಿತೊ ಚಕ್ರವರ್ತಿಯಾಗಿದ್ದಾಗ, 2007ರಲ್ಲಿ, ಈ ಬಗ್ಗೆ ಬಹಿರಂಗವಾಗಿ ನೋವು ವ್ಯಕ್ತಪಡಿಸಿದರು. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾದ ಕಥೆಯನ್ನು ಬಲ್ಲವರಿಗೆ ಇದರ ತೀವ್ರತೆ ಅರ್ಥವಾಗುತ್ತದೆ. ಮಿಷಿಗನ್ನಿನಲ್ಲಿ ಸಹಜವಾದದ್ದು ಬಿವಾದಲ್ಲಿ ಸಹಜವಲ್ಲ.

ಸಂಜೆ ಎಂಟರ ಮೇಲೆ ಗಾಳಿ ನಿಂತಾಗ ಸರೋವರ ಮತ್ತೆ ಬದಲಾಗುತ್ತದೆ. ತಳದ ಕೆಸರಿನಲ್ಲಿ ಬೆಳೆದ ಮಿಜ್ ಎಂಬ ಕೀಟಗಳು, ನೋಡಲು ಸೊಳ್ಳೆಯಂತಿದ್ದರೂ ಕಚ್ಚದಂಥವು, ಗುಂಪುಗುಂಪಾಗಿ ಮೇಲೆದ್ದು ನೀರಿನ ಪೊರೆಯನ್ನು ಸೀಳಿ ಹಾರತೊಡಗುತ್ತವೆ. ಹಗಲೆಲ್ಲ ಆಳದಲ್ಲಿದ್ದ ದೊಡ್ಡ ಬ್ಲೂಗಿಲ್‌ಗಳು ಬೆಳಕು ಕುಂದಿದ ಭರವಸೆಯಲ್ಲಿ ಅವನ್ನು ಹಿಂಬಾಲಿಸಿ ಮೇಲೆ ಬಂದಾಗ, ನೀರಿನ ಮೇಲೆ ಮಳೆಹನಿ ಬಿದ್ದಂಥ ಉಂಗುರಗಳು ಎಲ್ಲೆಲ್ಲೂ ಏಳುತ್ತವೆ. ಇಷ್ಟು ಸಣ್ಣ ಕೀಟವನ್ನು ಒಂಟಿಯಾಗಿ ಅನುಕರಿಸುವುದು ಕಷ್ಟವಾದ್ದರಿಂದ, ನಾಲ್ಕಾರು ಕೀಟಗಳು ಒಟ್ಟಿಗೆ ಸಿಕ್ಕಿಕೊಂಡಂತೆ ಕಾಣುವ ಗ್ರಿಫಿತ್ಸ್ ನ್ಯಾಟ್ ಎಂಬ ಫ್ಲೈಯನ್ನು ಬಳಸುತ್ತಾರೆ: ನವಿಲುಗರಿಯ ಎಳೆಯ ದೇಹ, ಅದರ ಉದ್ದಕ್ಕೂ ಸುತ್ತಿದ ಹುಂಜದ ಕಪ್ಪುಬಿಳುಪಿನ ಗರಿ, ಅಷ್ಟೇ. ಇದಕ್ಕೆ ಹೆಸರು ಬಂದದ್ದು 1959ರಲ್ಲಿ ಮಿಷಿಗನ್ನಿನ ಔಸೇಬಲ್ ನದಿಯ ದಡದಲ್ಲಿ ಟ್ರೌಟ್ ಅನ್‌ಲಿಮಿಟೆಡ್ ಎಂಬ ಸಂರಕ್ಷಣಾ ಸಂಸ್ಥೆ ಹುಟ್ಟಲು ಕಾರಣರಾದ ಜಾರ್ಜ್ ಗ್ರಿಫಿತ್ ಅವರಿಂದ. ಟ್ರೌಟಿಗೆಂದು ಹುಟ್ಟಿದ ಫ್ಲೈಯನ್ನು ಬ್ಲೂಗಿಲ್ ಅಷ್ಟೇ ಆದರದಿಂದ ಸ್ವೀಕರಿಸುತ್ತದೆ.

ಮನೆಗೆ ಒಯ್ಯಲು ಮೀನು ಆರಿಸುವುದು ಈ ಹೊತ್ತಿನಲ್ಲೇ. ಮಿಷಿಗನ್ನಿನಲ್ಲಿ ದಿನಕ್ಕೆ 25 ಸನ್‌ಫಿಶ್‌ಗಳವರೆಗೆ ಅನುಮತಿಯಿದ್ದರೂ ಒಂದು ಮನೆಯ ಊಟಕ್ಕೆ ಎಂಟು ಹತ್ತು ಸಾಕು, ಅವೂ ಆರರಿಂದ ಏಳು ಇಂಚಿನ ನಡುವಿನವು. ಎಂಟು ಇಂಚು ದಾಟಿದ ಗಂಡನ್ನು ನೀರಿಗೇ ಬಿಡಬೇಕು. ಹಿಡಿದವನ್ನು ಕೂಡಲೇ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟರೆ ಮಾಂಸ ಗಟ್ಟಿಯಾಗಿ ಉಳಿಯುತ್ತದೆ. ತೆಳ್ಳನೆಯ, ಬಾಗುವ ಅಲಗಿನ ಚಾಕುವಿನಿಂದ ಕಿವಿರಿನ ಹಿಂದೆ ಕೊಯ್ದು, ಬೆನ್ನುಮೂಳೆಯ ಉದ್ದಕ್ಕೂ ಸವರಿಕೊಂಡು ಬಂದು, ಪಕ್ಕೆಲುಬುಗಳ ಮೇಲಿಂದ ಮಾಂಸವನ್ನು ಬಿಡಿಸಿ, ಚರ್ಮವನ್ನು ಸುಲಿದರೆ ಒಂದು ಮೀನಿನಿಂದ ಬೆರಳುದ್ದದ ಎರಡು ತುಂಡುಗಳು ಸಿಗುತ್ತವೆ. ಉಪ್ಪು, ಮೆಣಸಿನ ಪುಡಿ ಬೆರೆಸಿದ ಮುಸುಕಿನ ಜೋಳದ ಹಿಟ್ಟಿನಲ್ಲಿ ಅವನ್ನು ಹೊರಳಿಸಿ, ಎರಕದ ಕಬ್ಬಿಣದ ಬಾಣಲೆಯಲ್ಲಿ ಅರ್ಧ ಇಂಚು ಕಾದ ಎಣ್ಣೆಗೆ ಬಿಟ್ಟು, ಒಂದೊಂದು ಬದಿಗೆ ಎರಡು ನಿಮಿಷದಂತೆ ಹೊಂಬಣ್ಣ ಬರುವವರೆಗೆ ಕರಿಯುತ್ತಾರೆ. ಮಾಂಸ ಬೆಳ್ಳಗಿದ್ದು ಸಿಹಿಯಾಗಿರುತ್ತದೆ, ನಿಂಬೆಹಣ್ಣಿನ ರಸವನ್ನು ಬಿಟ್ಟರೆ ಅದಕ್ಕೆ ಬೇರೇನೂ ಬೇಕಾಗುವುದಿಲ್ಲ.